ಹಳೆಯ ಎಂಜಿನಿನ ಎಣ್ಣೆ ಸೋರಿಕೆ

ಹಳೆಯ ಎಂಜಿನಿನ ಕೆಳಗೆ ಬಿದ್ದಿರುವ ಎಣ್ಣೆಯ ಕಲೆಯನ್ನು ಕಂಡು ಕಳವಳಪಡುವವರು ವಿರಳ. ‘ಹಳೆಯದೆಂದ ಮೇಲೆ ಸೋರದಿರುತ್ತದೆಯೇ?’ ಎಂದು ಹೇಳಿ, ಅದರ ಕೆಳಗೊಂದು ತಗಡಿನ ಡಬ್ಬಿಯನ್ನಿಟ್ಟು ಸುಮ್ಮನಾಗುವುದು ನಮ್ಮಲ್ಲಿ ವಾಡಿಕೆ. ಆದರೆ ಎಲ್ಲ ಸೋರಿಕೆಗಳೂ ಒಂದೇ ಬಗೆಯವಲ್ಲ. ಎಣ್ಣೆಯ ಒತ್ತಡವನ್ನು ತಿಳಿಸುವುದಕ್ಕಾಗಿ ಎಂಜಿನಿನ ಮೈಗೆ ತಿರುಪಿ ಕೂರಿಸಿರುವ ಸಣ್ಣ ಸೂಚಕವೊಂದುಂಟು. ಈ ಕಾಲದವರು ಅದನ್ನು ಸೆನ್ಸರು ಎನ್ನುವರು. ಅದರ ಬುಡದಿಂದ ಜಿನುಗುವ ಎಣ್ಣೆಯ ವಿಷಯವಾಗಿ ಶ್ರೋತೃಗಳೊಡನೆ ನಾಲ್ಕು ಮಾತನಾಡಬೇಕೆಂದು ನಾವು ಇಂದು ಸಂಕಲ್ಪಿಸಿದ್ದೇವೆ. ವಿಷಯವು ಅತ್ಯಲ್ಪವೆಂದು ತೋರಬಹುದು. ಹೆಬ್ಬೆರಳಿನಷ್ಟು ಗಾತ್ರದ ಆ ಹಿತ್ತಾಳೆಯ ತುಂಡನ್ನು ಅಲಕ್ಷಿಸಿ ಎಂಜಿನನ್ನೇ ಕಳೆದುಕೊಂಡವರನ್ನು ನಾವು ಬಲ್ಲೆವು. ಅದನ್ನು ತಪ್ಪಾಗಿ ಉಪಚರಿಸಿ ಎಂಜಿನನ್ನು ಕಳೆದವರನ್ನೂ ಬಲ್ಲೆವು. ಆ ಎರಡನೆಯ ಪಂಕ್ತಿಯಲ್ಲಿ ನಾವೂ ಸೇರಿದ್ದೇವೆ.

ನಾವು ಮಾತನಾಡುವುದು ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿಗಳ ಸೀಮೆಯ ಅನುಭವದಿಂದ. ಇದು ಸುಣ್ಣಕಲ್ಲಿನ ನಾಡು, ತೊಗರಿಯ ನಾಡು. 1874ರಲ್ಲಿ ವಾಡಿಯಿಂದ ಸಿಕಂದರಾಬಾದಿಗೆ ರೈಲುಹಾದಿಯು ತೆರೆದಾಗ ಅದು ಚಿತ್ತಾಪುರ ಸೇಡಂಗಳ ಮೇಲೆಯೇ ಹಾದುಹೋಯಿತು. ಅಂದಿನಿಂದ ಕಲ್ಲಿಗೂ ಸಿಮೆಂಟಿಗೂ ಹೊರಗಿನ ದಾರಿ ದೊರೆಯಿತು. ಅದರ ಹಿಂದೆಯೇ ನಾನಾ ಬಗೆಯ ಯಂತ್ರಗಳೂ ಬಂದುವು. ಕಾಗಿಣಾ ನದಿಯ ದಡದಲ್ಲಿ ನೀರೆತ್ತುವ ಪಂಪಿಗೆ ಡೀಜಲ್ ಎಂಜಿನು, ಫರಸಿ ಕಲ್ಲಿನ ಅಂಗಳದಲ್ಲಿ ವಿದ್ಯುತ್ತನ್ನು ಹುಟ್ಟಿಸುವ ಎಂಜಿನು, ಸಿಮೆಂಟಿನ ಚೀಲಗಳನ್ನು ಹೊರುವ ಲಾರಿಯ ಎಂಜಿನು: ಇವೆಲ್ಲವೂ ನಮ್ಮವರಿಗೆ ಮನೆಯ ಎತ್ತುಗಳಷ್ಟು ಪರಿಚಿತವಾದವು.

ಇಲ್ಲಿಂದ ಸಮುದ್ರವು ಬಹು ದೂರ. ಆದರೂ ಮಲ್ಪೆ ಮಂಗಳೂರುಗಳ ಬಂದರಿಗೆ ಹೋಗಿ ಮೀನುಗಾರಿಕೆಯ ಟ್ರಾಲ್ ದೋಣಿಯ ಎಂಜಿನುಕೋಣೆಯೊಳಕ್ಕೆ ಇಳಿದವನಿಗೆ, ವಾಡಿಯ ಲಾರಿಯಲ್ಲಿ ಕಂಡ ಮುಖವೇ ಅಲ್ಲಿಯೂ ಎದುರಾಗುವುದುಂಟು. ಲಾರಿಗೆಂದು ಹುಟ್ಟಿದ ಆರು ಸಿಲಿಂಡರಿನ ಎಂಜಿನನ್ನೇ, ಗಾಳಿಯಿಂದ ತಣಿಸುವ ರೇಡಿಯೇಟರನ್ನು ತೆಗೆದು ಸಮುದ್ರದ ನೀರಿನಿಂದ ತಣಿಸುವ ಏರ್ಪಾಡು ಮಾಡಿ ದೋಣಿಗೆ ಇಳಿಸುವುದು ನಮ್ಮ ದೇಶದಲ್ಲಿ ಬಹುಕಾಲದಿಂದ ನಡೆದುಬಂದಿದೆ. ಎಣ್ಣೆಯ ನಾಳಗಳು, ತಿರುಪಿನ ಎಳೆಗಳು, ಸೂಚಕಗಳು ಬಹುಮಟ್ಟಿಗೆ ಅವೇ. ಭೇದವಿರುವುದು ಪರಿಣಾಮದಲ್ಲಿ. ನೆಲದ ಮೇಲೆ ಎಂಜಿನು ನಿಂತರೆ ಲಾರಿಯು ರಸ್ತೆಯ ಬದಿಯಲ್ಲಿ ನಿಲ್ಲುತ್ತದೆ. ನೀರಿನ ಮೇಲೆ ಎಂಜಿನು ನಿಂತರೆ ದೋಣಿಯು ಗಾಳಿಯೂ ಅಲೆಯೂ ಒಯ್ದ ಕಡೆಗೆ ಹೋಗುತ್ತದೆ. ಆದುದರಿಂದ ದೋಣಿಯವರಿಗೆ ಹೇಳತಕ್ಕ ಎಚ್ಚರಿಕೆಯು ನಮ್ಮ ನೆಲದವರಿಗೂ ಸಾಕಾಗಿ ಮಿಗುವುದು.

ಮೊದಲು ಈ ಸೂಚಕದ ಕೆಲಸವೇನೆಂಬುದನ್ನು ನೋಡೋಣ. ಎಂಜಿನಿನ ತಳದ ತೊಟ್ಟಿಯಲ್ಲಿರುವ ಎಣ್ಣೆಯನ್ನು ಒಂದು ಪಂಪು ಎತ್ತಿ, ಸೋಸುಕದ ಮೂಲಕ ಮುಖ್ಯ ನಾಳಕ್ಕೆ ತಳ್ಳುತ್ತದೆ. ಆ ನಾಳದಿಂದ ಅದು ಬೇರಿಂಗುಗಳಿಗೆ ಹಂಚಿಹೋಗಿ, ತಿರುಗುವ ದಂಡಕ್ಕೂ ಅದರ ಆಸನಕ್ಕೂ ನಡುವೆ ತೆಳುವಾದ ಪೊರೆಯಾಗಿ ನಿಲ್ಲುತ್ತದೆ. ಈ ಪೊರೆಯಿರುವ ತನಕ ಲೋಹಕ್ಕೆ ಲೋಹವು ತಾಗದು; ಪೊರೆಯು ಹರಿದುಹೋದರೆ ಕೆಲವೇ ನಿಮಿಷಗಳಲ್ಲಿ ಬೇರಿಂಗು ಸುಟ್ಟುಹೋಗುವುದು. ಪೊರೆಯು ಕಣ್ಣಿಗೆ ಕಾಣುವಂತಹುದಲ್ಲವಾದ್ದರಿಂದ, ನಾಳದಲ್ಲಿರುವ ಒತ್ತಡವನ್ನು ಕೇಳಿ ಅದರ ಕ್ಷೇಮವನ್ನು ಊಹಿಸಬೇಕಾಗಿದೆ. ಹಾಗೆ ಕೇಳುವುದಕ್ಕೆಂದೇ ಮುಖ್ಯ ನಾಳದ ಗೋಡೆಯಲ್ಲಿ ಒಂದು ರಂಧ್ರವನ್ನು ಕೊರೆದು, ಎಳೆ ಕೊಯ್ದು, ಅದರಲ್ಲಿ ಸೂಚಕವನ್ನು ತಿರುಪಿರುತ್ತಾರೆ.

ಹಿಂದಿನ ಎಂಜಿನುಗಳಲ್ಲಿ ಈ ರಂಧ್ರದಿಂದ ಸಣ್ಣ ತಾಮ್ರದ ನಳಿಗೆಯೊಂದು ಹೊರಟು, ಚಾಲಕನ ಮುಂದಿರುವ ಮಾಪಕದವರೆಗೂ ಎಣ್ಣೆಯನ್ನೇ ಒಯ್ಯುತ್ತಿತ್ತು. ಫ್ರಾನ್ಸಿನ ಯೂಜೀನ್ ಬೂರ್ಡಾನ್ ಎಂಬಾತನು 1849ರಲ್ಲಿ ಹಕ್ಕುಪತ್ರ ಪಡೆದ ಬಾಗುಗೊಳವೆಯೇ ಅಂತಹ ಮಾಪಕದ ಹೃದಯ. ಬಳಿಕ ವಿದ್ಯುತ್ ಸೂಚಕಗಳು ಬಂದುವು. ಇವುಗಳೊಳಗೆ ತೆಳುವಾದ ಒಂದು ಪೊರೆಯುಂಟು. ಎಣ್ಣೆಯು ಅದನ್ನು ಒತ್ತಿದಂತೆ ವಿದ್ಯುತ್ತಿನ ತಡೆಯು ಬದಲಾಗಿ ಮಾಪಕದ ಮುಳ್ಳು ಆಡುತ್ತದೆ. ಇಲ್ಲವೇ ಒತ್ತಡವು ಕುಸಿದಾಗ ಒಳಗಿನ ಕೊಂಡಿಯು ಕೂಡಿ ಕೆಂಪು ದೀಪವು ಹತ್ತಿಕೊಳ್ಳುತ್ತದೆ. ಹೀಗೆ ಈ ಪುಟ್ಟ ಸೂಚಕಕ್ಕೆ ಎರಡು ಉದ್ಯೋಗಗಳು. ಎಣ್ಣೆಯನ್ನು ಒಳಗೇ ತಡೆಯುವ ಗೋಡೆಯಾಗಿರುವುದು ಒಂದು; ಒಳಗಿನ ಸ್ಥಿತಿಯನ್ನು ಹೊರಗೆ ನುಡಿಯುವ ಸಾಕ್ಷಿಯಾಗಿರುವುದು ಇನ್ನೊಂದು. ಸೋರಿಕೆಯನ್ನು ಸರಿಪಡಿಸಲು ಹೊರಟವರು ಮೊದಲನೆಯದನ್ನು ಮಾತ್ರ ನೆನೆದು ಎರಡನೆಯದನ್ನು ಮರೆಯುವರು. ನಾವು ಹೇಳಬೇಕೆಂದಿರುವ ಮಾತಿನ ತಿರುಳು ಇಷ್ಟೆ: ಗೋಡೆಯನ್ನು ಭದ್ರಪಡಿಸುವ ಭರದಲ್ಲಿ ಸಾಕ್ಷಿಯ ಬಾಯಿಯನ್ನು ಮುಚ್ಚಬಾರದು.

ಇದನ್ನು ನಾವು ಕಲಿತ ಬಗೆಯನ್ನು ಮುಚ್ಚಿಡುವುದು ನ್ಯಾಯವಲ್ಲ. ಶಹಾಬಾದಿನ ಸಮೀಪದ ಕಲ್ಲಿನ ಅಂಗಳವೊಂದರಲ್ಲಿ ನಾಲ್ಕು ಸಿಲಿಂಡರಿನ ಹಳೆಯ ಎಂಜಿನೊಂದು ಕಲ್ಲು ಕೊಯ್ಯುವ ಗರಗಸಗಳಿಗೆ ವಿದ್ಯುತ್ತನ್ನು ಒದಗಿಸುತ್ತಿತ್ತು. ಅದರ ಒತ್ತಡಸೂಚಕದ ಬುಡದಲ್ಲಿ ಎಣ್ಣೆಯು ಜಿನುಗುವುದೆಂದು ನಮ್ಮನ್ನು ಕರೆದರು. ನಾವು ಸೂಚಕವನ್ನು ಬಿಚ್ಚಿ, ನಲ್ಲಿಗೆ ಸುತ್ತುವ ಬಿಳಿಯ ಪಟ್ಟಿಯನ್ನು ಎಳೆಗಳ ಮೇಲೆ ದಪ್ಪವಾಗಿ ಸುತ್ತಿ, ಪಾನಾ ಹಾಕಿ ಬಿಗಿದೆವು. ಸೋರಿಕೆಯು ನಿಂತಿತು. ಯಜಮಾನನಿಗೆ ಸಂತೋಷವಾಯಿತು, ನಮಗೂ ಆಯಿತು. ಕೆಲವು ತಿಂಗಳುಗಳ ಬಳಿಕ ಸೋಸುಕದ ರಬ್ಬರು ಬಳೆಯು ಹರಿದು ಎಣ್ಣೆಯೆಲ್ಲ ನೆಲದ ಪಾಲಾಯಿತು. ಕೆಂಪು ದೀಪವು ಹತ್ತಲೇ ಇಲ್ಲ. ಗರಗಸಗಳ ಸದ್ದಿನಲ್ಲಿ ಎಂಜಿನಿನ ನರಳಾಟವು ಯಾರಿಗೂ ಕೇಳಿಸಲಿಲ್ಲ. ಅದು ನಿಂತಾಗ ದಂಡವು ಬೇರಿಂಗಿಗೆ ಕಚ್ಚಿಹೋಗಿತ್ತು. ಬಿಚ್ಚಿ ನೋಡಲಾಗಿ, ದೀಪವು ಸರಿಯಾಗಿತ್ತು, ತಂತಿಯೂ ಸರಿಯಾಗಿತ್ತು, ಸೂಚಕವೂ ಸರಿಯಾಗಿತ್ತು. ದೀಪವನ್ನು ಮೂಗಾಗಿಸಿದುದು ನಾವು ಸುತ್ತಿದ ಪಟ್ಟಿ! ಅಂಗಳದ ಕೂಲಿಯವರಿಗೆ ಎಂಜಿನು ಮರಳಿ ಬರುವವರೆಗೆ ಕೆಲಸವಿಲ್ಲದೆ ಹೋಯಿತು. ತಪ್ಪು ನಮ್ಮದೆಂದು ಯಜಮಾನನಿಗೆ ಹೇಳಿದೆವು. ಆದರೆ ಹೇಳಿದ ಮಾತ್ರಕ್ಕೆ ಹೋದ ಕೂಲಿಯು ಹಿಂದಿರುಗಲಿಲ್ಲ.

ಇದರ ಕಾರಣವು ಸರಳವಾದದ್ದು. ಒಂದೇ ತಂತಿಯ ಸೂಚಕಗಳಲ್ಲಿ ವಿದ್ಯುತ್ತು ತಂತಿಯಿಂದ ಬಂದು, ಸೂಚಕದ ಮೈಯಿಂದ ಎಳೆಗಳ ಮೂಲಕ ಎಂಜಿನಿನ ಕಬ್ಬಿಣಕ್ಕಿಳಿದು ಬ್ಯಾಟರಿಗೆ ಹಿಂದಿರುಗಬೇಕು. ಪಟ್ಟಿಯು ತೆಳುವಾಗಿದ್ದರೆ ಎಳೆಗಳು ಅದನ್ನು ಸೀಳಿಕೊಂಡು ಲೋಹಕ್ಕೆ ಲೋಹವು ತಾಗುತ್ತದೆ. ದಪ್ಪವಾಗಿದ್ದರೆ ತಾಗದೆಯೂ ಇರಬಹುದು. ಆಗ ದೀಪದ ಮಂಡಲವು ಕಡಿದುಹೋಗುತ್ತದೆ. ಮುಳ್ಳಿನ ಮಾಪಕಗಳಲ್ಲಂತೂ ಇನ್ನೂ ವಿಚಿತ್ರವಾದ ಅಪಾಯವುಂಟು. ಯುರೋಪಿನ ಮಾದರಿಯ ಸೂಚಕಗಳಲ್ಲಿ ಒತ್ತಡವಿಲ್ಲದಾಗ ತಡೆಯು ಸುಮಾರು 10 ಓಮು, ಪೂರ್ಣ ಒತ್ತಡದಲ್ಲಿ ಸುಮಾರು 180 ಓಮು ಇರುವುದು ವಾಡಿಕೆ. ಎಳೆಗಳಲ್ಲಿ ಸೇರಿಕೊಂಡ ಹೆಚ್ಚಿನ ತಡೆಯು ಮಾಪಕಕ್ಕೆ ಹೆಚ್ಚಿನ ಒತ್ತಡದಂತೆ ತೋರುವುದು. ಎಣ್ಣೆಯು ಕಡಮೆಯಾಗುತ್ತಿದ್ದರೂ ಮುಳ್ಳು ‘ಎಲ್ಲವೂ ಕ್ಷೇಮ’ ಎನ್ನುತ್ತಿರುವುದು. ಅಮೆರಿಕದ ಮಾದರಿಯಲ್ಲಿ ಈ ಲೆಕ್ಕವು ತಿರುಗುಮುರುಗು: ಒತ್ತಡವಿಲ್ಲದಾಗ 240 ಓಮು, ಪೂರ್ಣ ಒತ್ತಡದಲ್ಲಿ 33 ಓಮು; ಅಲ್ಲಿ ಸುಳ್ಳು ಭಯವು ಹುಟ್ಟೀತೇ ಹೊರತು ಸುಳ್ಳು ಧೈರ್ಯವು ಹುಟ್ಟದು. ದೋಣಿಗಳಲ್ಲಿ ಕೆಲವು ವೇಳೆ ಎರಡು ತಂತಿಯ ಸೂಚಕಗಳನ್ನು ಬಳಸುವರು. ಅವುಗಳಲ್ಲಿ ವಿದ್ಯುತ್ತು ಎರಡನೆಯ ತಂತಿಯಿಂದಲೇ ಹಿಂದಿರುಗುವುದರಿಂದ ಈ ತೊಂದರೆಯಿಲ್ಲ.

ಇನ್ನು ಸೋರಿಕೆಯ ಪರೀಕ್ಷೆಯ ಕ್ರಮವನ್ನು ಹೇಳುವೆವು. ಮೊದಲನೆಯ ನಿಯಮವೆಂದರೆ, ನೋಡುವುದಕ್ಕೆ ಮುಂಚೆ ಪಾನಾ ಎತ್ತಬಾರದು. ಎಣ್ಣೆಯು ತೊಟ್ಟಿಕ್ಕುವ ಸ್ಥಳವೇ ಅದು ಹೊರಟ ಸ್ಥಳವಲ್ಲ. ಮೇಲಿನ ಮುಚ್ಚಳದ ಹಾಸಿನಿಂದ ಇಳಿದ ಎಣ್ಣೆಯು ಎಂಜಿನಿನ ಮೈಯ ಮೇಲೆ ಹರಿದುಬಂದು, ಹೊರಚಾಚಿರುವ ಸೂಚಕದ ತುದಿಯಲ್ಲಿ ತೊಟ್ಟಾಗಿ ನಿಲ್ಲುವುದು. ನೋಡಿದವರು ಪಾಪದ ಸೂಚಕವನ್ನು ದೂರುವರು. ನಮ್ಮ ಸೀಮೆಯಲ್ಲಿ ಮತ್ತೊಂದು ತೊಡಕುಂಟು. ಕಲ್ಲಿನ ಧೂಳೂ ಸಿಮೆಂಟಿನ ಧೂಳೂ ಎಣ್ಣೆಯೊಡನೆ ಕಲೆತು ಕಪ್ಪು ಗಾರೆಯಾಗಿ ಮೆತ್ತಿಕೊಂಡು, ಮೂಲವನ್ನು ಪೂರ್ತಿಯಾಗಿ ಮರೆಮಾಡಿರುತ್ತವೆ.

ಆದುದರಿಂದ ಎಂಜಿನು ತಣ್ಣಗಿರುವಾಗ ಆ ಭಾಗವನ್ನೆಲ್ಲ ಸೀಮೆಎಣ್ಣೆಯಲ್ಲಿ ಅದ್ದಿದ ಬಟ್ಟೆಯಿಂದ ಒರಸಿ, ಕುಂಚದಿಂದ ಸಂದುಗಳನ್ನು ತೊಳೆದು, ಚೆನ್ನಾಗಿ ಆರಿಸತಕ್ಕದ್ದು. ಆಮೇಲೆ ಶಾಲೆಯಲ್ಲಿ ಬರೆಯುವ ಸೀಮೆಸುಣ್ಣವನ್ನು ನುಣ್ಣಗೆ ಪುಡಿಮಾಡಿ ಸೂಚಕದ ಸುತ್ತಲೂ, ಅದರ ಮೇಲ್ಭಾಗದಲ್ಲಿಯೂ ತೆಳುವಾಗಿ ಉದುರಿಸಬೇಕು. ಎಂಜಿನನ್ನು ಹತ್ತು ನಿಮಿಷ ನಡೆಯಿಸಿ, ತಿರುಗುವ ಪಟ್ಟಿಗೂ ಬಿಸಿಯಾದ ಹೊಗೆಗೊಳವೆಗೂ ಕೈ ತಾಗದಂತೆ, ಒಂದು ಚಿಕ್ಕ ಕನ್ನಡಿಯನ್ನೂ ಕೈದೀಪವನ್ನೂ ಹಿಡಿದು ನೋಡಬೇಕು. ಬಿಳಿಯ ಪುಡಿಯಲ್ಲಿ ಮೊದಲು ಕಪ್ಪಾದ ಸ್ಥಳವೇ ಮೂಲ. ಈಚೆಗೆ ಎಣ್ಣೆಯಲ್ಲಿ ಬೆರಸುವ ಬಣ್ಣವೂ ಅದನ್ನು ಹೊಳೆಯಿಸುವ ನೇರಿಳಾತೀತ ದೀಪವೂ ದೊರೆಯುವುವು. ಆದರೆ ಒಂದು ತುಂಡು ಸೀಮೆಸುಣ್ಣವು ಮಾಡುವ ಕೆಲಸವನ್ನು ಹಗುರವೆಂದು ಎಣಿಸಬೇಕಾಗಿಲ್ಲ.

ಮೂಲವು ನಿಜವಾಗಿ ಸೂಚಕದಲ್ಲಿಯೇ ಇದ್ದರೆ, ಎಣ್ಣೆಗೆ ಅಲ್ಲಿ ನಾಲ್ಕು ದಾರಿಗಳಿವೆ: ಎಳೆಗಳ ಸುರುಳಿಯ ದಾರಿ, ಬುಡದ ವಾಷರಿನ ದಾರಿ, ಸೂಚಕದ ಸ್ವಂತ ಮೈಯ ದಾರಿ, ನಡುವೆ ಸೇರಿಸಿದ ಜೋಡುಗೊಳವೆಯ ಬಿರುಕಿನ ದಾರಿ. ಇವುಗಳಲ್ಲಿ ಒಂದೊಂದಕ್ಕೂ ಚಿಕಿತ್ಸೆಯು ಬೇರೆ.

ಎಳೆಗಳ ವಿಷಯದಲ್ಲಿ ಮೋಸಹೋಗುವವರೇ ಬಹಳ. ಜೋಸೆಫ್ ವಿಟ್ವರ್ತನು 1841ರಲ್ಲಿ ಎಳೆಗಳಿಗೆ ಒಂದು ಸಮಾನ ಅಳತೆಯನ್ನು ಸೂಚಿಸಿದನು. ಬ್ರಿಟಿಷ್ ಕೊಳವೆ ಎಳೆಗಳು ಇಂದಿಗೂ ಆತನ 55 ಡಿಗ್ರಿಯ ಕೋನವನ್ನೇ ಅನುಸರಿಸುವುವು. ಅಮೆರಿಕದ ಕೊಳವೆ ಎಳೆಗಳದು 60 ಡಿಗ್ರಿ. ಎರಡು ದೇಶದವರೂ ‘ಎಂಟನೆಯ ಒಂದು ಅಂಗುಲ’ ಎಂಬ ಒಂದೇ ಹೆಸರಿನಿಂದ ಕರೆಯುವ ಎಳೆಯಲ್ಲಿ, ಬ್ರಿಟಿಷ್ ಮಾದರಿಗೆ ಅಂಗುಲಕ್ಕೆ 28 ಸುತ್ತು, ಅಮೆರಿಕದ ಮಾದರಿಗೆ 27. ಮೊದಲನೆಯದರ ಹೊರವ್ಯಾಸವು 9.73 ಮಿಲಿಮೀಟರು, ಎರಡನೆಯದರದು ಸುಮಾರು 10.3. ಇವೆರಡರ ನಡುವೆ, 10 ಮಿಲಿಮೀಟರು ವ್ಯಾಸದ, ಸುತ್ತಿಗೆ 1 ಮಿಲಿಮೀಟರಿನ ಮೆಟ್ರಿಕ್ ಎಳೆಯೊಂದು ಬೇರೆ. ಮೂರನ್ನೂ ಅಂಗೈಯಲ್ಲಿಟ್ಟು ನೋಡಿದರೆ ಅಣ್ಣತಮ್ಮಂದಿರಂತೆ ಕಾಣುವುವು. ಒಂದಕ್ಕಾಗಿ ಕೊಯ್ದ ರಂಧ್ರದಲ್ಲಿ ಇನ್ನೊಂದನ್ನು ತಿರುಪಿದರೆ ಎರಡು ಮೂರು ಸುತ್ತು ಸಲೀಸಾಗಿ ಹೋಗಿ ಬಿಗಿಯಾಗುವುದುಂಟು. ಇಲ್ಲವೇ ಹೋದರೂ ಸಡಿಲವಾಗಿ ನಿಲ್ಲುವುದುಂಟು. ಬಿಗಿಯಾದುದು ಎಳೆಗಳು ಕೂಡಿದುದರಿಂದಲ್ಲ, ಜಗಳವಾಡಿದುದರಿಂದ. ಅಂತಹ ಜೋಡಣೆಯು ಎಂದಿಗೂ ಸೋರದೆ ಇರದು. ಹಳೆಯ ಎಂಜಿನಿಗೆ ಅಂಗಡಿಯಿಂದ ಹೊಸ ಸೂಚಕವನ್ನು ತಂದವನು, ಎಳೆಯಳೆಯುವ ಗರಗಸದಂತಹ ಪಟ್ಟಿಯನ್ನಿಟ್ಟು ಹಳೆಯದನ್ನೂ ಹೊಸದನ್ನೂ ಒಂದಕ್ಕೊಂದು ಹೋಲಿಸಿ ನೋಡತಕ್ಕದ್ದು. ಕೈಬೆರಳಿನಿಂದಲೇ ಮೊದಲ ಸುತ್ತುಗಳು ಹೋಗದಿದ್ದರೆ ಅಲ್ಲಿಗೇ ನಿಲ್ಲಿಸತಕ್ಕದ್ದು.

ಎಳೆಗಳಲ್ಲಿ ಸಮವಾದುವು, ತುದಿಗೆ ಸಣ್ಣದಾಗುತ್ತ ಹೋಗುವುವು ಎಂದು ಎರಡು ಜಾತಿ. ಸಮ ಎಳೆಯು ಹಿಡಿದುಕೊಳ್ಳುವುದಕ್ಕೆ ಮಾತ್ರ. ಎಣ್ಣೆಯನ್ನು ತಡೆಯುವುದು ಅದರ ಬುಡದ ವಾಷರು. ಇಲ್ಲಿ ಪಟ್ಟಿಯನ್ನು ಸುತ್ತುವುದು ನಿಷ್ಪ್ರಯೋಜಕ. ತಾಮ್ರದ ವಾಷರು ಒಮ್ಮೆ ಒತ್ತಿದ ಬಳಿಕ ಗಡುಸಾಗಿಬಿಡುವುದರಿಂದ ಹೊಸದನ್ನೇ ಹಾಕುವುದು ಉತ್ತಮ. ಹೊಸದು ದೊರೆಯದಿದ್ದರೆ ಹಳೆಯದನ್ನು ಮಂದವಾದ ಕೆಂಪಾಗುವವರೆಗೆ ಕಾಯಿಸಿ ನೀರಿನಲ್ಲಿ ಅದ್ದಿದರೆ ತಾಮ್ರವು ಮತ್ತೆ ಮೆದುವಾಗುವುದು. ಉಕ್ಕಿಗೆ ಇದೇ ಉಪಚಾರವು ಗಡುಸನ್ನು ಕೊಡುವುದರಿಂದ, ತಾಮ್ರಕ್ಕೂ ಹಾಗೆಯೇ ಆದೀತೆಂದು ಶಂಕಿಸುವವರುಂಟು. ತಾಮ್ರದ ಸ್ವಭಾವವೇ ಬೇರೆ.

ಮೊನಚು ಎಳೆಯ ಸ್ವಭಾವವು ಬೆಣೆಯದು. ಅದರ ಇಳಿಜಾರು 16ಕ್ಕೆ 1ರಂತೆ ಇರುವುದು. ತಿರುಪಿದಷ್ಟೂ ರಂಧ್ರವನ್ನು ಅಗಲಿಸುತ್ತ ಹೋಗುವುದು. ಫರಸಿಯ ಪದರಗಳ ನಡುವೆ ಬೆಣೆಯಿಕ್ಕಿ ಕಲ್ಲನ್ನು ಎಬ್ಬಿಸುವ ನಮ್ಮ ಕಲ್ಲುಕೆಲಸದವರಿಗೆ ಬೆಣೆಯ ಬಲವು ಎಷ್ಟೆಂಬುದನ್ನು ಹೇಳಬೇಕಾಗಿಲ್ಲ. ಎಂಜಿನಿನ ಎರಕದ ಕಬ್ಬಿಣವು ಒತ್ತನ್ನು ತಾಳೀತು, ಬಿರಿಯುವಿಕೆಯನ್ನು ತಾಳದು. ‘ಇನ್ನೊಂದು ಸುತ್ತು ಬಿಗಿದರೆ ನಿಂತೀತು’ ಎಂಬ ಆಸೆಯಿಂದ ಉದ್ದನೆಯ ಪಾನಾ ಹಾಕಿದವನು, ಕೆಲವು ರೂಪಾಯಿಯ ಸೂಚಕಕ್ಕಾಗಿ ಎಂಜಿನಿನ ಮೈಯನ್ನೇ ಸೀಳಿದ ನಿದರ್ಶನಗಳುಂಟು. ಮೊನಚು ಎಳೆಗೆ ದ್ರವರೂಪದ ಎಳೆಲೇಪವನ್ನು ಸ್ವಲ್ಪವಾಗಿ, ಒಳತುದಿಯ ಎರಡು ಸುತ್ತುಗಳನ್ನು ಬರಿದಾಗಿ ಬಿಟ್ಟು ಹಚ್ಚುವುದು ಲೇಸು. ಬರಿದಾಗಿ ಬಿಡುವುದೇತಕ್ಕೆಂದರೆ, ಲೇಪದ ಅಥವಾ ಪಟ್ಟಿಯ ಚೂರು ನಾಳದೊಳಕ್ಕೆ ಬಿದ್ದರೆ ಅದು ಬೇರಿಂಗಿನ ಎಣ್ಣೆಯ ಕಿಂಡಿಯನ್ನು ಮುಚ್ಚೀತು. ಬಿಗಿದ ಮೇಲೆ ಸೂಚಕದ ಮೈಗೂ ಎಂಜಿನಿಗೂ ನಡುವೆ ವಿದ್ಯುತ್ತಿನ ತಡೆಯನ್ನು ಮಾಪಕದಿಂದ ಅಳೆದು, ಅದು ಸೊನ್ನೆಗೆ ಸಮೀಪವಾಗಿದೆಯೆಂದು ನಿಶ್ಚಯಮಾಡಿಕೊಳ್ಳಬೇಕು.

ಮೂರನೆಯದು ಸೂಚಕದ ಸ್ವಂತ ಮೈಯ ಸೋರಿಕೆ. ಒಳಗಿನ ಪೊರೆಯು ಹರಿದರೆ ಎಣ್ಣೆಯು ಮೇಲ್ಗಡೆಯ ತಂತಿಯ ಮೊಳೆಯ ಸುತ್ತಲಿಂದ ಹೊರಡುವುದು. ತಂತಿಯ ತೊಡಿಗೆಯನ್ನು ಕಳಚಿದಾಗ ಅದರೊಳಗೆ ಎಣ್ಣೆಯು ನಿಂತಿದ್ದರೆ ಇದೇ ರೋಗವೆಂದು ನಿರ್ಣಯಿಸಬಹುದು. ಎಣ್ಣೆಯು ತಂತಿಯ ಎಳೆಗಳ ಸಂದಿನಲ್ಲಿ ದೀಪದ ಬತ್ತಿಯಲ್ಲಿ ಏರುವಂತೆ ಏರಿ, ಮೊಳಗಟ್ಟಲೆ ದೂರದಲ್ಲಿ ಕಾಣಿಸಿಕೊಳ್ಳುವುದೂ ಉಂಟು. ಇದಕ್ಕೆ ಲೇಪವಾಗಲಿ ಬಿಗಿತವಾಗಲಿ ಔಷಧವಲ್ಲ. ಸೂಚಕವನ್ನು ಬದಲಾಯಿಸುವುದೊಂದೇ ದಾರಿ. ಮೇಲೆ ಮೇಣ ಮೆತ್ತುವವರು ರೋಗವನ್ನು ಒಳಗೆ ಬಚ್ಚಿಡುವರು.

ನಾಲ್ಕನೆಯದು ಜೋಡುಗೊಳವೆಯದು. ದೀಪಕ್ಕೊಂದು ಮಾಪಕಕ್ಕೊಂದು ಸೂಚಕವು ಬೇಕೆಂದು ಹಿತ್ತಾಳೆಯ ಕವಲನ್ನು ಹಾಕಿ, ಅದರ ಮೇಲೆ ಭಾರವಾದ ಸೂಚಕವನ್ನು ನೇತುಹಾಕುವುದು ಹಳೆಯ ದೋಣಿಗಳಲ್ಲಿಯೂ ನಮ್ಮ ಪಂಪುಗಳಲ್ಲಿಯೂ ಸಾಮಾನ್ಯ. ಎಂಜಿನಿನ ನಡುಕದಿಂದ ಆ ಭಾರವು ದಿನವೆಲ್ಲ ತೂಗಾಡಿ, ಹಿತ್ತಾಳೆಯ ಕೊರಳಿನಲ್ಲಿ ಕೂದಲಿನಂತಹ ಬಿರುಕನ್ನು ಹುಟ್ಟಿಸುವುದು. ಮೊದಲು ಬರಿಯ ತೇವ. ಮುಂದೊಂದು ದಿನ ಕೊರಳು ತಟ್ಟನೆ ಮುರಿದು, ಒತ್ತಡದಲ್ಲಿರುವ ಎಣ್ಣೆಯೆಲ್ಲ ಚಿಲುಮೆಯಾಗಿ ಹೊರಬೀಳುವುದು. ನಾಲ್ಕು ಸೋರಿಕೆಗಳಲ್ಲಿ ಇದೇ ಭಯಂಕರವಾದದ್ದು. ಭಾರವಾದ ಸೂಚಕವನ್ನು ಬೇರೆ ಗೋಡೆಗೆ ಬಿಗಿದು, ಅಲ್ಲಿಗೆ ಬಾಗುವ ನಳಿಗೆಯಿಂದ ಎಣ್ಣೆಯನ್ನು ಒಯ್ಯುವುದು ಇದಕ್ಕೆ ಪರಿಹಾರ. ಹಾಗೆ ಬೇರೆ ಗೋಡೆಗೆ ಬಿಗಿದಾಗ ಒಂದೇ ತಂತಿಯ ಸೂಚಕಕ್ಕೆ ಎಂಜಿನಿನ ಕಬ್ಬಿಣದ ಸಂಪರ್ಕವು ತಪ್ಪುವುದರಿಂದ, ಅದರ ಮೈಯಿಂದ ಎಂಜಿನಿಗೆ ಪ್ರತ್ಯೇಕವಾದ ತಂತಿಯೊಂದನ್ನು ಎಳೆಯತಕ್ಕದ್ದು. ಹಳೆಯ ತಾಮ್ರದ ನಳಿಗೆಯಿದ್ದರೆ, ನಡುಕವನ್ನು ನುಂಗಿಕೊಳ್ಳುವಂತೆ ಅದರಲ್ಲಿ ಒಂದೆರಡು ಸುರುಳಿಯನ್ನು ಬಿಟ್ಟಿರಬೇಕು.

ಒಂದು ತೊಟ್ಟಿನ ಸೋರಿಕೆಯಿಂದ ಏನಾದೀತು ಎಂದು ಕೇಳುವವರಿಗೆ ಸಣ್ಣ ಲೆಕ್ಕವೊಂದನ್ನು ಒಪ್ಪಿಸುವೆವು. ಇಪ್ಪತ್ತು ತೊಟ್ಟಿಗೆ ಒಂದು ಮಿಲಿಲೀಟರೆಂದು ಹಿಡಿದರೆ, ಸೆಕೆಂಡಿಗೊಂದು ತೊಟ್ಟು ಬಿದ್ದಲ್ಲಿ ಗಂಟೆಗೆ 180 ಮಿಲಿಲೀಟರು; ಹತ್ತು ಗಂಟೆಯ ಓಟದಲ್ಲಿ 1.8 ಲೀಟರು. ರಾತ್ರಿಯೆಲ್ಲ ಬಲೆಯೆಳೆಯುವ ದೋಣಿಗೆ ಇದು ಅಲ್ಪವಲ್ಲ. ಇದರ ಮೇಲೆ ಬೆಂಕಿಯ ಭಯ. ಸಮುದ್ರದಲ್ಲಿ ಜೀವರಕ್ಷಣೆಗಾಗಿ ರಾಷ್ಟ್ರಗಳು ಮಾಡಿಕೊಂಡ ಒಡಂಬಡಿಕೆಯು, ದೊಡ್ಡ ಹಡಗುಗಳಲ್ಲಿ ಇಂಧನವು ಸಿಡಿದು ತಾಗಬಹುದಾದ 220 ಡಿಗ್ರಿ ಸೆಂಟಿಗ್ರೇಡಿಗೆ ಮೀರಿದ ಬಿಸಿಯ ಮೈಗಳಿಗೆಲ್ಲ ಹೊದಿಕೆಯಿರಬೇಕೆಂದು ವಿಧಿಸಿದೆ. ಸಣ್ಣ ದೋಣಿಗೂ ನಮ್ಮ ಜನರೇಟರಿಗೂ ಆ ವಿಧಿಯು ತಾಗದಿದ್ದರೂ, ಬೆಂಕಿಯು ಹಡಗಿನ ಗಾತ್ರವನ್ನು ಕೇಳಿ ಹತ್ತುವುದಿಲ್ಲ.

ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳು ಯಾಂತ್ರಿಕ ದೋಣಿಗಳು ಕಡಲಿಗಿಳಿಯುವಂತಿಲ್ಲ. ಎಂಜಿನುಗಳನ್ನು ಬಿಚ್ಚಿ ನೋಡುವ ಕಾಲ ಅದು. ನಮ್ಮ ಕಡೆ ಕಾಗಿಣೆಯು ತುಂಬಿ ಬರುವ ಮಳೆಗಾಲದಲ್ಲಿ ದಡದ ಪಂಪುಗಳು ಮೇಲೇರಿ ಕುಳಿತಿರುತ್ತವೆ. ಈ ಬಿಡುವಿನಲ್ಲಿ ಸೂಚಕಗಳ ಬುಡವನ್ನು ಒರಸಿ ನೋಡುವುದಕ್ಕೆ ಅರ್ಧ ದಿನವೂ ಬೇಡ.

ನಗರವಾಸಿಗಳಾದ ಶ್ರೋತೃಗಳಲ್ಲಿ ಅನೇಕರಿಗೆ ದೋಣಿಯೂ ಇಲ್ಲ, ಪಂಪೂ ಇಲ್ಲ. ಮೋಟಾರು ಗಾಡಿಯು ಇದ್ದೀತು. ಅವರಿಗೊಂದು ಬಿನ್ನಹ. ಎಂಜಿನನ್ನು ಹೊರಡಿಸುವ ಮೊದಲು ಕೀಲಿಯನ್ನು ಒಂದು ಹಂತ ತಿರುಗಿಸಿ ನಿಲ್ಲಿರಿ. ಎಣ್ಣೆಯ ಕೆಂಪು ದೀಪವು ಆಗ ಹತ್ತಲೇಬೇಕು. ಎಂಜಿನು ಹೊರಟ ಬಳಿಕ ಆರಲೇಬೇಕು. ಆರದಿದ್ದರೆ ಎಲ್ಲರೂ ಹೆದರುವರು. ಮೊದಲು ಹತ್ತಲೇ ಇಲ್ಲವೆಂಬುದನ್ನು ಯಾರೂ ಗಮನಿಸರು. ನಿಜವಾಗಿ ಹೆದರಬೇಕಾದದ್ದು ಅದಕ್ಕೆ. ಶಹಾಬಾದಿನ ಆ ಅಂಗಳದಲ್ಲಿ ಯಾರಾದರೂ ಒಂದು ಬೆಳಗ್ಗೆ ಆ ಸಣ್ಣ ದೀಪವನ್ನು ನೋಡಿದ್ದರೆ, ನಾವು ಮಾಡಿದ ತಪ್ಪು ಅಂದೇ ಬಯಲಾಗುತ್ತಿತ್ತು, ಎಂಜಿನು ಉಳಿಯುತ್ತಿತ್ತು. ಅಂದಿನಿಂದ ಯಾವ ಸೂಚಕವನ್ನು ಬಿಗಿದರೂ ದೀಪವು ಹತ್ತುವುದನ್ನು ಕಣ್ಣಾರೆ ಕಂಡ ಹೊರತು ನಾವು ಪಾನಾವನ್ನು ಪೆಟ್ಟಿಗೆಯಲ್ಲಿಡುವುದಿಲ್ಲ.